ಹೊಗೆಗೆ ನಾಲ್ಕು ಇಂಚು

ಚದರಡಿಗೆ ಇಷ್ಟು ಅಂತ ನನ್ನ ಲೆಕ್ಕ.
ದೇವರಿಗೂ ಅಷ್ಟೇ, ತೀರಿಹೋದವರಿಗೂ ಅಷ್ಟೇ,
ಹತ್ತನೇ ಕ್ಲಾಸಿನ ಗ್ರೂಪ್ ಫೋಟೊಕ್ಕೂ.
ಬಂದರಿನ ಈ ಓಣಿಯಲ್ಲಿ ಮೂವತ್ತೊಂದು ವರ್ಷ
ಗಾಜು ಕೊಯ್ದ ಕೈಗೆ
ಖಾಲಿ ಕಾಗದಕ್ಕೆ ಕಟ್ಟು ಹಾಕಿ ಗೊತ್ತಿರಲಿಲ್ಲ.

ಆಕೆ ಸುರುಳಿ ಬಿಚ್ಚಿದಾಗ ಮೊದಲು ಕಂಡದ್ದೇ ಖಾಲಿ.
ಆಮೇಲೆ ಬಲಮೂಲೆಯಲ್ಲಿ, ಅಂಚಿಗೆ ತಾಗಿ,
ಒಂದು ಕಪ್ಪು ಕಂಬ.
ಅದರ ಬುಡದಲ್ಲಿ ನೀರೋ ನೆರಳೋ.
"ಉಳಿದದ್ದು ಯಾವಾಗ ಬರೆಯುತ್ತೀರಿ, ಮೇಡಂ?"
ಜತೆಗೆ ಬಂದಿದ್ದ ಕಾಲೇಜು ಹುಡುಗಿ ಪ್ರಫುಲ್ಲಾ
ಅವಳ ಇಂಗ್ಲಿಷನ್ನು ತುಳುವಿಗೆ ಇಳಿಸಿದಳು:
ಅದನ್ನೂ ಬರೆದಾಗಿದೆಯಂತೆ.

ಹೆಸರು ಸೋರಾ. ಅವರಲ್ಲಿ ಹಾಗೆಂದರೆ ಶಂಖವಂತೆ.
ನಮ್ಮಲ್ಲಿ ಸೋರುವುದು ಮಾಡು.
ಕಾಗದದ ಹೆಸರು ಹಂಜಿ.
ನನಗೆ ಕೇಳಿಸಿದ್ದು ಹಂಚು.
ಹತ್ತಿಯ ಹಂಜಿಯಾ, ಎಂದಳು ಪ್ರಫುಲ್ಲಾ.
ಎರಡೂ ಅಲ್ಲ, ಹಿಪ್ಪುನೇರಳೆಯ ಬಳಗದ ಯಾವುದೋ ಮರದ ತೊಗಟೆ,
ಬೇಯಿಸಿ, ಬಡಿದು, ನೀರಿನಲ್ಲಿ ತೇಲಿಸಿ ಎತ್ತಿದ್ದು.
ಮುಟ್ಟಿ ನೋಡಿದೆ: ಮೆತ್ತಗೆ ಉಂಟು,
ಆದರೆ ಹರಿಯುವ ಜಾತಿಯಲ್ಲ.

ಅವಳ ಗುರುವಿನ ಗುರು ಬೆಟ್ಟ ಬರೆಯುತ್ತಿದ್ದನಂತೆ.
ಬೆಟ್ಟದ ಸೊಂಟಕ್ಕೆ ಮಂಜು, ಮಂಜಿನಲ್ಲೊಂದು ಸಂಕ,
ಸಂಕದ ಮೇಲೆ ಹೆಸರುಕಾಳಿನಷ್ಟು ಮನುಷ್ಯ.
ಗುರು ಬರೆದದ್ದು ಬಿದಿರು, ಬರೀ ಬಿದಿರು;
ಬೆಳಿಗ್ಗೆ ಎದ್ದು ಮಸಿ ತೇಯುವುದೇ ಅರ್ಧ ವಿದ್ಯೆ ಅಂದನಂತೆ.
ಇವಳು ಬರೆಯುವುದು
ಫ್ಲ್ಯಾಟುಗಳ ಹಿಂಭಾಗ, ನೀರಿನ ಟ್ಯಾಂಕಿ, ತುಂಡಾದ ವಯರು.
ಗೆರೆ ಮಾತ್ರ ಹಳೆಯದೇ.
ಬಂಡೆಗೆಂದು ಅವರ ಹಿರಿಯರು ಎಳೆದ,
ಕೊಡಲಿ ಬಿದ್ದ ಗುರುತಿನಂಥ ಗೆರೆ
ಈಗ ಇಟ್ಟಿಗೆಯ ಮೇಲೆ.

ನನ್ನ ಮೇಜಿನ ಮೂಲೆಯಲ್ಲೇ ತೇದು ತೋರಿಸಿದಳು.
ಕಲ್ಲು, ನಾಲ್ಕು ಹನಿ ನೀರು, ಕಪ್ಪು ಕಡ್ಡಿ.
ಮಾತಿಲ್ಲ, ಅವಸರವಿಲ್ಲ,
ಪೂಜೆಗೆ ಗಂಧ ತೇಯುವವರ ಹಾಗೆ.
ಯಾವ ಮರದ ಮಸಿ ಎಂದು ಕೇಳಿದೆ.
ಊರಿನಲ್ಲಾದರೆ ದೇವದಾರಿನಂಥದ್ದೊಂದು ಮರ ಸುಡುತ್ತಾರೆ.
ಇದು ಬೋಳಾರದ್ದು.
ಬಾಗಿಲು ಹಾಕಿದ ಹಂಚಿನ ಕಾರ್ಖಾನೆಯ ಗೂಡಿಗೆ
ವಾಚ್‌ಮನ್ನನಿಗೆ ಬೀಡಿ ಕೊಟ್ಟು ಇಳಿದು
ಎಂಟು ದಿನ ಕೆರೆದದ್ದು. ಅಂಟು ಕಲಸಿ ಒಣಗಿಸಿದ್ದು.
ಹೊಳೆಯ ನಡುವೆ ದೋಣಿ ನಿಲ್ಲಿಸಿ
ಚಿಮಣಿಯನ್ನು ಚಿಮಣಿಯ ಮಸಿಯಲ್ಲೇ ಬರೆದಿದ್ದಾಳೆ, ಮಾರಾಯ್ತಿ.

ಒಳಗೆ ಮೊಳೆ ಎಣಿಸುತ್ತಿದ್ದ ಅಮ್ಮ
ಡಬ್ಬಿ ಮುಚ್ಚಿ ಹೊರಗೆ ಬಂದಳು.
ಸೇಸಮ್ಮ, ಟೋಕನ್ ನಂಬ್ರ ಇನ್ನೂರ ಹದಿನಾರು.
ಇಪ್ಪತ್ತೆರಡು ವರ್ಷ ಹಸಿ ಹಂಚು ಹೊತ್ತ ತಲೆ,
ನಡುನೆತ್ತಿಯಲ್ಲಿ ಈಗಲೂ ಕೂದಲಿಲ್ಲ.
ಕನ್ನಡಕ ಹುಡುಕಲಿಲ್ಲ.
ಕಂಬವನ್ನು ನೋಡಲೂ ಇಲ್ಲ.
ಏನೂ ಇಲ್ಲದ ಎಡಗಡೆಗೆ ಬೆರಳು ತೋರಿಸಿ
ಗದರಿಸಿದಳು:
"ಪುಗೆ ಅಂಚಿ ಪೋಪುಜಿ."

ಹೊಗೆ ಆ ಕಡೆ ಹೋಗುವುದಲ್ಲ.
ಹನ್ನೊಂದಕ್ಕೆ ಕಡಲಗಾಳಿ ಏಳುತ್ತದೆ,
ಹೊಗೆಯೆಲ್ಲ ಈಚೆಗೆ, ಜೆಪ್ಪುವಿಗೆ.
ನಿನ್ನ ಬಿಳಿ ಅಂಗಿ ನಾನು ಎಷ್ಟು ಸಲ ಒಗೆದಿಲ್ಲ
ಒಂದೇ ದಿನಕ್ಕೆ ಎರಡು ಬಾರಿ?

ಯಾವ ಹೊಗೆ, ಅಮ್ಮ? ಬರೀ ಕಾಗದವಲ್ಲವಾ?
ನನ್ನನ್ನು ನೋಡಿದಳು,
ಕುರುಡನನ್ನು ರಸ್ತೆ ದಾಟಿಸುವವರು ನೋಡುವಂತೆ.

ಪ್ರಫುಲ್ಲಾ ಅದನ್ನು ಇಂಗ್ಲಿಷಿಗೆ ಹತ್ತಿಸಿದಳು.
ಸೋರಾ ಬಹಳ ಹೊತ್ತು ಸುಮ್ಮನಿದ್ದಳು,
ಕುಂಚ ಮುಟ್ಟಲಿಲ್ಲ.
ಆಮೇಲೆ ನನ್ನ ಅಳತೆಪಟ್ಟಿ ತಾನೇ ಎತ್ತಿ
ಚಿತ್ರದ ಬಲಕ್ಕೆ, ಮೇಜಿನ ಮರದ ಮೇಲೆ,
ನಾಲ್ಕು ಇಂಚು ಅಳೆದಳು. ಇಷ್ಟು ಬಿಡಿ.

ಮೂರು ಕಡೆ ಒಂದಳತೆ, ಒಂದು ಕಡೆ ಬೇರೆ:
ಇಂಥ ಕಟ್ಟು ನಾನು ಹಾಕಿದವನಲ್ಲ.
ನೋಡಿದವರು ಕೈ ತಪ್ಪಿತು ಎಂದಾರು.
ಹಾಕಿದೆ.
ರಾತ್ರಿ ಶಟರ್ ಎಳೆದು ಬಿಲ್ಲು ಬರೆಯಲು ಕೂತಾಗ
ಚದರಡಿಯ ಲೆಕ್ಕ ಎಲ್ಲಿಗೆ ನಿಲ್ಲಿಸುವುದೋ ತಿಳಿಯಲಿಲ್ಲ.

"ಅಂಗಿ ಬಿಚ್ಚಿ ಕೊಡು," ಎಂದಳು ಅಮ್ಮ,
"ತೋಳಿಗೆ ಮಸಿಯಾಗಿದೆ."