ಏಳು

ಔಲು ಪಟ್ಟಣದಲ್ಲಿ ನವೆಂಬರ್ ಎಂದರೆ
ಮೂರು ಗಂಟೆಗೇ ಕಿಟಕಿ ಕಪ್ಪು.
ನನ್ನ ಕೋಣೆಯಲ್ಲಿ ಕೈಯಿಲ್ಲದ ಒಂದು ಕುರ್ಚಿ,
ಒತ್ತಿದರೆ ಓಡುವ ಗಡಿಯಾರ,
ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ,
ಮತ್ತು ಒಂದು ನಿಯಮ: ನನಗೆ ಗೊತ್ತಿರಬಾರದು.

ಯಾರ ಮೊಣಕಾಲೊಳಗೆ ಕತ್ತರಿ ಆಡಿತು,
ಯಾರದು ಬರೀ ತೊಗಲ ಮೇಲಿನ ಗಾಯ,
ಲಕೋಟೆಗೆ ಗೊತ್ತು. ಲಕೋಟೆ ಬೀರುವಿನಲ್ಲಿ,
ಬೀರುವಿನ ಕೀಲಿ ಇನ್ನೊಂದು ಊರಿನಲ್ಲಿ.

ಥಿಯೇಟರಿನಲ್ಲಿ ನಾಟಕವೂ ನಡೆಯುತ್ತದಂತೆ.
ಸೊಂಟದ ಕೆಳಗೆ ಮರಗಟ್ಟಿದರೂ ಕಿವಿ ಎಚ್ಚರ ತಾನೆ,
ಅದಕ್ಕೇ ಕತ್ತರಿ ಕೇಳುತ್ತಾರೆ, ಕೊಡುತ್ತಾರೆ, ಕತ್ತರಿಸುವುದಿಲ್ಲ;
ಬಕೆಟ್ಟಿಗೆ ನೀರು ಸುರಿಯುತ್ತಾರೆ;
ಕಾಲೆತ್ತಿ ಮಡಿಸಿ ತಿರುಗಿಸಿ
ನಿಜದ್ದಕ್ಕೆ ಬೇಕಾಗುವಷ್ಟೇ ಹೊತ್ತು ಕಳೆದು
ಹೊಲಿಗೆ ಹಾಕಿ ಕಳಿಸುತ್ತಾರೆ.
ಬಂದವರೆಲ್ಲ ತಿಳಿದೇ ಸಹಿ ಹಾಕಿದವರು.
ಇದೆಲ್ಲ ಕೇಳಿದ ಮಾತು. ನಾನು ಬಾಗಿಲಾಚೆಯವಳು.

ಕೌಕೊ ಹ್ಯುಟ್ಟಿನೆನ್, ಅರವತ್ತೊಂದು.
ಕಾಗದದ ಗಿರಣಿಯ ಸಿಮೆಂಟಿನ ಮೇಲೆ
ಮೂವತ್ತನಾಲ್ಕು ವರ್ಷ ನಿಂತ ಕಾಲು.
ಕೀಲಿನ ನಡುವಣ ಮೆತ್ತೆ ಹರಿದಿದೆ ಎನ್ನುತ್ತದೆ ಸ್ಕ್ಯಾನು.
ಅವರು ಏನೂ ಅನ್ನುವುದಿಲ್ಲ.

ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ?
ಬೂಟಿನ ಹಿಮ ಕರಗಿ
ನೆಲದ ಮೇಲೆ ಪುಟ್ಟ ಕೊಳವಾಗುವಷ್ಟು ಹೊತ್ತು ಸುಮ್ಮನಿದ್ದು
"ಐಲಿ ತೀರಿಕೊಂಡ ವಾರ ಏಳು ಇತ್ತು.
ಇದು ಅದಕ್ಕಿಂತ ಕಡಿಮೆಯೇ ಇರಬೇಕಲ್ಲ.
ನಾಲ್ಕು ಅಂತ ಬರ್ಕೊಳ್ಳಿ."

ಬರಕೊಂಡೆ.
ಐಲಿಗೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಏಳಿ, ಅಂದೆ. ಕೂರಿ. ಏಳಿ. ಕೂರಿ.
ಕೈ ಎದೆಯ ಮೇಲಿರಲಿ. ಐದು ಸಲ.
ಮೂರನೆಯದಕ್ಕೆ ಮುಖ ಗೋಡೆಗೆ ತಿರುಗಿತು.
ಹತ್ತೊಂಬತ್ತು ಸೆಕೆಂಡು.

ಆಮೇಲೆ ಥಿಯೇಟರು. ಆಮೇಲೆ ಮತ್ತೆ ನನ್ನ ಕುರ್ಚಿ:
ಮೂರು ತಿಂಗಳಿಗೆ, ಆರಕ್ಕೆ, ವರ್ಷಕ್ಕೆ.
ಹತ್ತೊಂಬತ್ತು ಹದಿನೈದಾಯಿತು, ಹನ್ನೆರಡಾಯಿತು.
ಒಂದು ಮಾರ್ಚಿನಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಮೀನು ತಂದು
ನನ್ನ ಅಳತೆಪಟ್ಟಿಯ ಪಕ್ಕ ಇಟ್ಟರು.
ಹೆಪ್ಪುಗಟ್ಟಿದ ಕೆರೆಯ ಮೇಲೆ ಮಂಡಿಯೂರಿ ಹಿಡಿದದ್ದಂತೆ.
'ಇತರೆ' ಎಂಬಲ್ಲಿ ಬರೆದೆ: ಮೀನು, ಒಂದು.

ಶಾಲೆಯ ಅಡುಗೆಮನೆಯ ಹಿಲ್ಕಾ ಕೆರಾನೆನ್ ಮಾತ್ರ
ಇನ್ನೂ ಮೆಟ್ಟಿಲಿಗೆ ಬೆನ್ನು ಹಾಕಿಯೇ ಇಳಿಯುತ್ತಿದ್ದಳು,
ಏಣಿ ಇಳಿಯುವವರ ಹಾಗೆ.

ಎರಡನೆಯ ಮೇ. ನದಿಯ ಮಂಜು ಒಡೆದು ತೇಲಿಹೋದ ವಾರ
ಲಕೋಟೆ ಒಡೆದರು.
ಪರದೆಯ ಮೇಲೆ ಎರಡು ಗೆರೆ, ನೀಲಿ, ಕೆಂಪು,
ಒಂದರ ಮೈಮೇಲೊಂದು ಬಿದ್ದುಕೊಂಡು.
ಯಾವುದು ಯಾವುದೆಂದು ತೋರಿಸಲು ಹೋದ
ಡಾಕ್ಟರರ ಕೈಯ ಬೆಳಕಿನ ಚುಕ್ಕೆ ನಡುಗಿತು.
ಹದಿನೆಂಟು ವರ್ಷ, ಗುರುವಾರಕ್ಕೆ ಆರು ಮೊಣಕಾಲು,
ಒಮ್ಮೆಯೂ ನಡುಗದ ಕೈ ಅದು.
"ಹಾಗಾದರೆ ನಾನು" ಎಂದರು.
ಮುಂದಿನ ಚಿತ್ರಕ್ಕೆ ಹೋದರು.

ತಿಳಿಸುವ ಕೆಲಸ ನನ್ನ ಪಾಲಿಗೆ.
ಕೌಕೊ, ನಿಮ್ಮೊಳಗೆ ಏನನ್ನೂ ಕತ್ತರಿಸಿರಲಿಲ್ಲ.
ಮಂಡಿಯನ್ನು ಹಳೇ ನಾಯಿಯಂತೆ ತಟ್ಟಿ
"ನೀರಿನ ಸದ್ದು ಚೆನ್ನಾಗಿತ್ತು" ಅಂದರು.

ಹಿಲ್ಕಾ, ನಿಮ್ಮದು ನಿಜವಾದದ್ದು.
ಅವಳು ಕೋಟಿನ ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಗೆ.
"ತೆಗೆದದ್ದನ್ನು ಎಲ್ಲಿಟ್ಟಿದ್ದೀರಿ?"
ನಾನು ಕಾಗದ ಜೋಡಿಸಿದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

ಗುರುವಾರಗಳು ಈಗ ಖಾಲಿ.
ಹೊರಗೆ ಹತ್ತು ಗಂಟೆಗೂ ಆರದ ಬೆಳಕು.
ಯಾರೂ ಇಲ್ಲದ್ದು ನೋಡಿ ಆ ಕುರ್ಚಿಯಲ್ಲಿ
ನಾನೇ ಕೂತೆ, ಕೈ ಎದೆಗೆ ಕಟ್ಟಿ.
ಎಡ ಮಂಡಿ, ಯಾರಿಗೂ ಹೇಳದ್ದು, ಲಟಕ್ಕೆಂದಿತು.

ಎಷ್ಟು?

ಏಳು, ಅಂದೆ.
ಎದ್ದೆ.
ಗಡಿಯಾರ ಒತ್ತಿರಲಿಲ್ಲ.