ಐವತ್ತೆರಡೂವರೆ ಕಿಲೋ

ಮೊದಲು ಎಣ್ಣೆ ಬಸಿ, ಲಗಮಣ್ಣ.
ಎಣ್ಣೆ ಇದ್ದ ಕೊಳವೆಗೆ ಕಿಡಿ ತಾಗಿಸಿದವನ ಹುಬ್ಬು
ಈ ಭೋಸರಿಯಲ್ಲಿ ಇನ್ನೂ ಬೆಳೆದಿಲ್ಲ,
ಬೇಕಾದರೆ ಹೋಗಿ ನೋಡು,
ಮೂರನೇ ಶೆಡ್ಡು, ಗೈಬುಸಾಬ.

ಆಮೇಲೆ ಹಳೇ ಸ್ಪ್ರಿಂಗು ಕೂರುವ ತಟ್ಟೆ ಕೊಯ್ಯಿ.
ತಟ್ಟೆಯನ್ನಷ್ಟೆ. ಒಳಗಿನ ಕೊಳವೆಗೆ ಗೀರು ಬೀಳಬಾರದು,
ಬೆಂದ ಗೆಣಸಿನ ಸಿಪ್ಪೆ ಬಿಡಿಸುತ್ತೀಯಲ್ಲ, ಹಾಗೆ.
ವರ್ನಿಯರ್ ಹಿಡಿ. ಐವತ್ತು ಪಾಯಿಂಟ್ ಎಂಟು.
ಗಿರಾಕಿ ಐವತ್ತೊಂದು ಅಂದಿದ್ದರು,
ಗಿರಾಕಿಗಳು ಹೇಳುತ್ತಾರೆ.

ಈಗ ಮೇಲಿನಿಂದ ನಲವತ್ತು ಮಿಲ್ಲಿಮೀಟರ್ ತೆಗೆ.
ಉಳಿದ ತುಂಡು ಎಸೆಯಬೇಡ,
ಮಾಲೀಕರ ಟೇಬಲ್ಲಿಗೆ ಪೆನ್ನು ನಿಲ್ಲಿಸಲು ಬರುತ್ತದೆ.

ಇದು ತೋಳು, ಹೊರಮೈಯೆಲ್ಲ ಥ್ರೆಡ್ಡು.
ಇಲ್ಲಿಯವರು ಆಟೆ ಅನ್ನುತ್ತಾರೆ.
ನಮ್ಮ ಇಂಡಿ ಕಡೆ ಏನನ್ನುತ್ತಾರೋ ಕೇಳಬೇಡ,
ಬಂದಾಗ ನನಗೆ ಹನ್ನೊಂದು ವರ್ಷ,
ತಿರುಗಿಸಿ ಬಿಗಿಯುವ ವಸ್ತು ಅಂತ
ಮನೆಯಲ್ಲಿ ಒಂದು ಸ್ಟೋವಿನ ಕೀಲಿ ಇತ್ತು.

ಒದ್ದೆ ಗೋಣಿ ಸುತ್ತು. ಟಾಕೆ ಎದುರು ಬದುರು ಹಾಕು,
ಉತ್ತರಕ್ಕೊಂದು, ದಕ್ಷಿಣಕ್ಕೊಂದು, ತಡೆ, ಆರಲಿ.
ಒಂದೇ ಉಸಿರಿಗೆ ಸುತ್ತಿದರೆ ಕೊಳವೆ ಮುನಿಸಿಕೊಂಡು
ಕೂದಲೆಳೆಯಷ್ಟು ಬಾಗುತ್ತದೆ.
ಆ ಎಳೆ ಘಾಟಿನ ತಿರುವಿನಲ್ಲಿ ಹಗ್ಗವಾಗುತ್ತದೆ.

*

ಕಾರು ಹಳೇ ಝೆನ್. ಊರ್ಜಿತಾ ಸಹಸ್ರಬುದ್ಧೆಯದು.
ವಾರವೆಲ್ಲ ಸಹಕಾರಿ ಬ್ಯಾಂಕಿನಲ್ಲಿ ಚಲನ್ ಮೇಲೆ ಶಿಕ್ಕಾ,
ಭಾನುವಾರ ಕೆಂಪು ಕೋನುಗಳ ನಡುವೆ ಧೂಳು.
ನಾಲ್ಕು ಮೂಲೆಯ ಎತ್ತರ ಹೊಂದಿಸಲು
ಓಡಿಸುವವರ ಭಾರ ಸೀಟಿನಲ್ಲಿರಬೇಕು.
ತೂಕ ಕೇಳಿದೆ, ನಾಚದೆ ಹೇಳಿದರು:
ಐವತ್ತೊಂದು. ಹೆಲ್ಮೆಟ್ಟು ಸೇರಿ ಐವತ್ತೆರಡೂವರೆ.
ಹೇಳಿ ಬ್ಯಾಂಕಿಗೆ ಹೋದರು.

ಪಕ್ಕದ ಖಾನಾವಳಿಯ ನೀಲವ್ವನಿಂದ
ಐವತ್ತು ಕಿಲೋ ಜೋಳದ ಚೀಲ ತಂದೆವು.
ಮೇಲೆ ಎರಡು ಕಿಲೋ ಸುತ್ತಿಗೆ, ಅರ್ಧ ಕಿಲೋ ಚಕ್ಕಿನ ಕೀಲಿ.
ಬೆಲ್ಟು ಹಾಕಿದೆವು, ಬೀಳಬಾರದಲ್ಲ.

ಟೇಪು ಹಿಡಿದು ನೆಲದಿಂದ ಮಡ್‌ಗಾರ್ಡಿನ ಅಂಚಿಗೆ:
ಎಡ ಐನೂರ ಎಂಬತ್ನಾಲ್ಕು, ಬಲ ಎಪ್ಪತ್ತೊಂಬತ್ತು.
ಕೊಕ್ಕೆ ಪಾನಾದಿಂದ ಬಲಗಡೆಯ ರಿಂಗು ಏರಿಸಿ,
ಕಾರನ್ನು ಎರಡು ಸಲ ಅದುಮಿ, ಮತ್ತೆ ಅಳೆದು,
ಮತ್ತೆ ಏರಿಸಿ, ಮತ್ತೆ ಅದುಮಿ.
ಮಧ್ಯಾಹ್ನದ ಸೈರನ್ ಹೋಯಿತು,
ಸಂಜೆಯದೂ.

ಚೀಲ ಕೇಳಲು ನೀಲವ್ವ ಬಂದಳು.
ಇನ್ನೂರು ಮಂದಿಯ ರೊಟ್ಟಿ, ಗಿರಣಿ ಮುಚ್ಚುವ ಹೊತ್ತು.
ಬೆಲ್ಟು ಕಟ್ಟಿಕೊಂಡು ಕೂತ ಜೋಳವನ್ನು ನೋಡಿ
ಸೊಂಟದ ಮೇಲೆ ಕೈಯಿಟ್ಟು ನಿಂತಳು:
'ಲಾರ್‍ಯಾಗ ಬಂದದ್ದು ಕಾರಿನ್ಯಾಗ ಕುಂತೈತಿ.
ನಾ ಬಂದು ಮೂವತ್ತು ವರ್ಷ ಆತು.'

ಚೀಲ ಇಳಿಸಿದೆ. ಕೂಡವ್ವ, ಅಂದೆ.
ಕೂತಳು. ಸೆರಗು ಬಾಗಿಲಿಗೆ ಸಿಗದಂತೆ ಎಳೆದುಕೊಂಡು
ಸ್ಟೇರಿಂಗನ್ನು ಹಂಚಿನ ಅಂಚು ಹಿಡಿದ ಹಾಗೆ
ಬೆರಳ ತುದಿಯಲ್ಲಿ ಹಿಡಿದಳು.
ಬಲಮೂಲೆ ಏಳು ಮಿಲ್ಲಿಮೀಟರ್ ಇಳಿಯಿತು.
'ನನ್ನ ಭಾರಕ್ಕೂ ಹೊಂದಸ್ತೀಯೇನು?'

ಲಗಮಣ್ಣ ನಕ್ಕ. ನಾನು ನಗಲಿಲ್ಲ.
ಪಾನಾ ತೆಗೆದುಕೊಂಡು ನೆಲಕ್ಕೆ ಕೂತು
ನಾಲ್ಕು ಸುತ್ತು ಏರಿಸಿದೆ. ಅಳೆದೆ. ಸಮ.
ಆಕೆ ಮುಂದೆ ನೋಡುತ್ತಿದ್ದಳು,
ಮುಂದೆ ಇದ್ದದ್ದು ನಮ್ಮ ಶೆಡ್ಡಿನ ತಗಡು.

ಹೋದಮೇಲೆ ಇಳಿಸಿದೆ, ಕತ್ತಲಲ್ಲಿ, ಎಣಿಸುತ್ತ.

ಭಾನುವಾರ ರಾತ್ರಿ ಊರ್ಜಿತಾ ಫೋನು.
ಮೂರನೇ ನಂಬರು ಬಂದೆ, ಥ್ಯಾಂಕ್ಸ್ ದಾದಾ,
ಸೀಟಿನ ಸಂದಿಯಲ್ಲಿ ಜೋಳದ ಕಾಳಿದ್ದವು, ಇರಲಿ,
ಆದರೆ ಬಲಗಡೆ ತುಸು ಎತ್ತರ,
ನನಗಿಂತ ದಪ್ಪದವರು ಯಾರೋ
ಮೊದಲೇ ಕೂತು ಹೋದ ಹಾಗೆ.

ಅರ್ಧ ಸುತ್ತು ಉಳಿದಿರಬೇಕು, ಅಂದೆ.
ತನ್ನಿ, ಇಳಿಸೋಣ.