ಕೈಲೆ ಎರಡು ಸುತ್ತು

ಒಂದು ಲಕ್ಷ ಹದಿನೆಂಟು ಸಾವಿರ ಓಡಿದ ಡೀಸೆಲ್ ಗಾಡಿ
ನನ್ನ ಪತ್ರಾಸಿನ ಕೆಳಗ ತಂದು ನಿಲ್ಲಿಸ್ಯಾನ ವಳಸಂಗದ ಗುರುಪಾದ.
"ಛಲೋ ಓಡತೈತಿ. ಸುಮ್ಮನ ಯಾಕ ಬಿಚ್ಚತಿ ಮಿಸ್ತ್ರಿ?"

ಛಲೋ ಓಡೂ ಹೊತ್ತಿನಾಗಽ ಬಿಚ್ಚೂದು ಇದನ್ನ.
ಬ್ರೇಕು ಕಿರಚತೈತಿ, ಕ್ಲಚ್ಚು ನಾರತೈತಿ,
ಟೈರು ತನ್ನ ತಂತಿ ತೋರಿಸಿ ಸಾಕಾತು ಅಂತೈತಿ.
ಈ ಬೆಲ್ಟು ಮಾತ್ರ ಹೇಳಿ ಹರಿಯೂದಿಲ್ಲ.
ಹರಿದರ, ಏರೂ ಪಿಸ್ಟನ್ನು ಇಳಿಯೂ ವಾಲ್ವು
ಕತ್ತಲದಾಗ ಒಂದಽ ಬಾಗಲಕ್ಕ ಇಬ್ಬರು ಬಂದಂಗ
ಹಣಿಗೆ ಹಣಿ.

ಬಲಗಡೆ ಗಾಲಿ ಕಳಚಿದೆ.
ಚೇಂಬರಿನ ಅಡಿ ಕಟ್ಟಿಗಿ ತುಂಡು ಕೊಟ್ಟು ಜಾಕ್ ಏರಿಸಿ
ಎಂಜಿನ್ನಿನ ಭಾರ ಅದರ ಮ್ಯಾಲ ಬಿಟ್ಟು
ಮೌಂಟು ಬಿಚ್ಚಿದೆ.
ನಮ್ಮ ಹುಡುಗ ನರ್ಸು — ಮನ್ಯಾಗ ತೆಲುಗು, ಸಾಲ್ಯಾಗ ಮರಾಠಿ,
ನನ್ನ ಕಡೆ ಬೈಸಿಕೊಳ್ಳೂದು ಕನ್ನಡದಾಗ —
ಗುರುತಿಗಂತ ಅಕ್ಕನ ಉಗುರಬಣ್ಣ ಕದ್ದು ತಂದಾನ.
ಕ್ಯಾಮಿನ ಗಾಲಿಗೊಂದು, ಕ್ರ್ಯಾಂಕಿಗೊಂದು,
ಎಣ್ಣಿಗಪ್ಪಿನಾಗ ಎರಡು ಗುಲಾಬಿ ಚುಕ್ಕಿ,
ಲಗ್ನದ ಮನಿಯಿಂದ ದಾರಿ ತಪ್ಪಿ ಬಂದಂಗ.

ಹಳೆ ಬೆಲ್ಟು ಗುರುಪಾದನ ಕೈಗೆ ಕೊಟ್ಟೆ.
"ಹೊಸದರಂಗ ಐತಲ್ಲೋ!"
ಹಂಗಽ ಕಾಣತೈತಿ. ಬೆನ್ನಿನ ಕಡೆ ಮಡಚಿ ನೋಡು.
ಮಡಚಿದ.
ಹಲ್ಲಿನ ಬುಡಕ್ಕ ಕೂದಲೆಳಿಯಂಥ ಬಿರುಕು,
ಒಂದರ ಬೆನ್ನಿಗೆ ಒಂದು, ಎಣಿಸಾಕ ಸುರು ಮಾಡಿ ಬಿಟ್ಟ.
ಆಮ್ಯಾಲ ಬೆಲ್ಟಿನ ರೇಟು ಕೇಳಲಿಲ್ಲ.
ವಾಟರ್ ಪಂಪಿಂದು ಕೇಳಿದ: ಅದೂ ಬೇಕಽ ಏನು?

ನಮ್ಮಪ್ಪ ಗಿರಣಿಯಾಗ ಪಟ್ಟಾ ಮಿಸ್ತ್ರಿ ಇದ್ದ.
ಮಾಡಿನುದ್ದ ತಿರುಗೂ ಕಬ್ಬಿಣದ ದಂಡಿನಿಂದ
ಒಂದೊಂದು ಯಂತ್ರಕ್ಕ ಒಂದೊಂದು ತೊಗಲಿನ ಪಟ್ಟಾ.
ಹರಿಯೂ ಮುಂಚೆ ಅವು ದನಿ ಬದಲಸತಿದ್ದುವಂತ.
ಚಪ್ ಚಪ್ ಅನ್ನೂದು ಚಪಾಕ್ ಅಂದ್ರ
ಅಪ್ಪ ಚಾದ ಬಶಿ ಕೆಳಗಿಟ್ಟು ದಬ್ಬಣ ಹುಡುಕತಿದ್ದ.
ಭೋಂಗಾ ಕೂಗಿದರ ಅರ್ಧ ಸೊಲ್ಲಾಪುರ ಏಳತಿತ್ತು,
ಅರ್ಧ ಬಂದು ಮಲಗತಿತ್ತು.
ಈಗ ಚಿಮಣಿ ಬುಡದಾಗ ಆಡು ಮೇಯತಾವ.
ಅಷ್ಟು ಸಪ್ಪಳ ಉಂಡ ಕಿವಿ
ಮೊಮ್ಮಕ್ಕಳು ಒದರಿದರೂ ತಗೋದಿಲ್ಲ.

ಹೊಸ ಬೆಲ್ಟು ಏರಿಸಿದೆ. ಕ್ರ್ಯಾಂಕಿನಿಂದ ಹಿಡಿದು
ಸಡಿಲ ಎಲ್ಲಾ ಟೆನ್ಶನರ್ ಕಡೆ ದೂಡಿದೆ.
ಚಾವಿ ಮುಟ್ಟಬ್ಯಾಡ ಅಂದೆ ನರ್ಸುಗ.
ಪಾನಾ ಹಾಕಿ ಕೈಲೆ ತಿರುವಿದೆ:
ಒಂದು ಸುತ್ತು.
ಬಿಗಿ, ಆಮ್ಯಾಲ ಸಡಿಲ, ಮತ್ತ ಬಿಗಿ,
ಒಳಗ ಯಾರೋ ಮಗ್ಗಲ ಬದಲಿಸಿದಂಗ.
ಎರಡನೇ ಸುತ್ತು.
ಚುಕ್ಕಿ ಎರಡೂ ತಂತಮ್ಮ ಗೆರಿಗೆ ಬಂದು ನಿಂತುವು.
ನರ್ಸು ಉಸಿರು ಬಿಟ್ಟದ್ದು ನನಗ ಕೇಳಿಸಿತು.

ಒಂದಽ ಸಲಕ್ಕ ಹತ್ತಿತು ಗಾಡಿ.
ಗುರುಪಾದ ನಕ್ಕ. ನಾ ಕೈ ಒರಸಿಕೊಂಡೆ.
ಕುರ್ಚಿಯಿಂದ ಅಪ್ಪ ಎದ್ದು ಬಂದ,
ಬಾನೆಟ್ಟಿನ ಅಂಚಿಗೆ ಎಡಗೈ ಇಟ್ಟು ಕಣ್ಣು ಮುಚ್ಚಿದ.
"ಗಡಗಡ ಅಂತೈತಿ."
ಗುರುತು ಕೂಡ್ಯಾವ, ಎರಡು ಸುತ್ತು ತಿರುವೀನಿ ಅಂತ ಒದರಿದೆ.
"ಏನಂತಿಯೋ ಕೇಳಸವಲ್ದು. ಗಡಗಡ ಅಂತೈತಿ."

ಬಂದ್ ಮಾಡಿದೆ. ಕವರ್ ಬಿಚ್ಚಿ ನೋಡಿದೆ.
ಬೆಲ್ಟು ಸರಿ. ಚುಕ್ಕಿ ಸರಿ. ಹಲ್ಲು ಸರಿ.
ಮ್ಯಾಲ, ಮೌಂಟಿನ ಮೂರನೇ ಬೋಲ್ಟು
ಬರೀ ಬೆರಳಿಲೆ ತಿರುವಿ ಬಿಟ್ಟದ್ದು.
ನಾನಽ ಬಿಟ್ಟದ್ದು, ನರ್ಸುನ ತಲಿಗೆ ಕಟ್ಟಾಕ ಬರೂದಿಲ್ಲ.

ಬಿಗಿ ಮಾಡಿ ಮತ್ತ ಸುರು ಮಾಡಿದೆ.
ಅಪ್ಪ ಮತ್ತ ಕೈ ಇಟ್ಟ. ಹೂಂ ಅನ್ನಲಿಲ್ಲ.
ಅಂಗೈಯ ಕಪ್ಪು ನನ್ನ ಅಂಗಿಗೆ ಒರಸಿ
ಚಾ ಎಲ್ಲಿ ಅಂದ.

ಹಳೆ ಬೆಲ್ಟು ಗುರುಪಾದ ಬಿಟ್ಟು ಹೋಗಲಿಲ್ಲ.
ಹೆಂಡತಿಗೆ ತೋರಸೂದೈತಿ ಅಂದ, ರೊಕ್ಕ ಎಲ್ಲಿ ಹೋತಂತ.
ಅಕ್ಕಲಕೋಟ ರೋಡಿಗೆ ಏರೂ ಮುಂಚೆ ಗಾಡಿ ನಿಲ್ಲಿಸಿ
ಇನ್ನೊಮ್ಮೆ ಮಡಚಿ ನೋಡಿದ.